ಯಂತ್ರದೊಳಗಿನ ಲಯ: ಕ್ರಾಫ್ಟ್‌ವೆರ್ಕ್ ತಂಡದ ಹಾಡು-ಪಾಡು



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಅವನು ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಮಾತನಾಡುವುದು ವಾಡಿಕೆ. ಈ ಸಲ ವಿಷಯದ ಆಯ್ಕೆಯನ್ನು ಕಾರ್ಯಕಾರಿ ಸಮಿತಿಯವರು ನನಗೇ ಬಿಟ್ಟುಕೊಟ್ಟಿದ್ದಾರೆ. ನಮ್ಮ ಮನೆಗಳ ನೆಲಮಾಳಿಗೆಯಿಂದ ಮೇಲಕ್ಕೆ ಕೇಳಿಬರುವ 'ಧುಂ ಧುಂ' ಸದ್ದನ್ನು ಕುರಿತು ತಾಯ್ತಂದೆಗಳು ನನ್ನಲ್ಲಿ ಆಗಾಗ ಹೇಳಿಕೊಳ್ಳುವುದುಂಟು. "ಡಾಕ್ಟ್ರೇ, ಅದರಲ್ಲಿ ರಾಗವೂ ಇಲ್ಲ, ಮನುಷ್ಯರೂ ಇಲ್ಲ, ಯಂತ್ರ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತಿರುತ್ತದೆ" ಎಂಬುದು ಆ ದೂರಿನ ತಿರುಳು. ಈ ಮಾತಿನಲ್ಲಿ ಎಷ್ಟು ಹುರುಳಿದೆಯೆಂದು ನೋಡಲು ಇಡೀ ವಿದ್ಯುನ್ಮಾನ ನೃತ್ಯಸಂಗೀತದ ಚರಿತ್ರೆಯನ್ನು ಜಾಲಾಡಬೇಕಾಗಿಲ್ಲ. ಆ ಸಂಗೀತದ ಮೂಲಪುರುಷರೆಂದು ಎಲ್ಲರೂ ಒಪ್ಪುವ ಒಂದು ತಂಡದ ಕತೆ ಸಾಕು. ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದ ಆ ತಂಡದ ಹೆಸರು ಕ್ರಾಫ್ಟ್‌ವೆರ್ಕ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ವಿದ್ಯುತ್ ಸ್ಥಾವರ.

ಮೊದಲಿಗೆ ಆ 'ಧುಂ ಧುಂ' ಏನೆಂಬುದನ್ನು ತಿಳಿಯೋಣ. ನಮ್ಮ ಆದಿತಾಳದಲ್ಲಿ ಎಂಟು ಅಕ್ಷರಗಳಿದ್ದರೂ ಅವು ನಾಲ್ಕು, ಎರಡು, ಎರಡು ಎಂದು ಒಡೆದುಕೊಳ್ಳುತ್ತವೆ; ಪೆಟ್ಟು, ಬೆರಳೆಣಿಕೆ, ಬೀಸು ಎಂಬ ಭೇದವಿದೆ. ಈ ನೃತ್ಯಸಂಗೀತದಲ್ಲಿ ಸಾಮಾನ್ಯವಾಗಿ ನಾಲ್ಕು ಪೆಟ್ಟುಗಳ ಆವರ್ತ. ನಾಲ್ಕೂ ಸಮಬಲದ ಮಂದ್ರ ಪೆಟ್ಟುಗಳು. ನಿಮಿಷಕ್ಕೆ ಸುಮಾರು 120ರಿಂದ 130. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಚುರುಕಾಗಿ ನಡೆದಾಗ, ಮೆಟ್ಟಿಲೇರಿದಾಗ, ಕುಣಿದಾಗ 120 ದಾಟುತ್ತದೆ. ಅಂದರೆ ಕುಣಿಯುವವರ ಎದೆಬಡಿತವೂ ಹಾಡಿನ ಬಡಿತವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತವೆ.

ಇನ್ನು ಸ್ವರ ಹುಟ್ಟುವ ಬಗೆ. ವೀಣೆಯಲ್ಲಿ ತಂತಿ ಕಂಪಿಸುತ್ತದೆ, ಕೊಳಲಿನಲ್ಲಿ ಗಾಳಿ ಕಂಪಿಸುತ್ತದೆ. ಸಿಂಥಸೈಸರ್ ಎಂಬ ವಾದ್ಯದಲ್ಲಿ ವಿದ್ಯುತ್ ಪ್ರವಾಹವನ್ನೇ ಏರಿಳಿಯುವಂತೆ ಮಾಡಿ ಅದನ್ನು ಧ್ವನಿವರ್ಧಕಕ್ಕೆ ಕೊಡುತ್ತಾರೆ. ಹೀಗೆ ಹುಟ್ಟಿದ ಒರಟು ಸದ್ದಿನಿಂದ ಬೇಡದ ಅಂಶಗಳನ್ನು ಸೋಸಿ ತೆಗೆದು, ಅದು ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಎಂಬುದನ್ನು ಗುಂಡಿಗಳನ್ನು ತಿರುಗಿಸಿ ನಿರ್ಧರಿಸುತ್ತಾರೆ. ಇದಕ್ಕೆ ಜೊತೆಯಾಗಿ ಸೀಕ್ವೆನ್ಸರ್ ಎಂಬ ಇನ್ನೊಂದು ಉಪಕರಣ. ಸ್ವರಗಳ ಸಾಲೊಂದನ್ನು ಅದರಲ್ಲಿ ಕೂಡಿಸಿಟ್ಟರೆ ಅದು ದಣಿಯದೆ, ಲಯ ತಪ್ಪದೆ ಅದನ್ನೇ ನುಡಿಸುತ್ತಿರುತ್ತದೆ. ಹೃದಯದ ಮಿಡಿತವನ್ನು ಕಾಯುವ ಪೇಸ್‌ಮೇಕರಿನ ಸೋದರಸಂಬಂಧಿ ಎನ್ನಬಹುದು. ಇದನ್ನು ಕೇಳಿ ಮೂಗು ಮುರಿಯುವವರಿಗೆ ಒಂದು ಮಾತು. 1970ರ ದಶಕದ ಕೊನೆಯಲ್ಲಿ ನಮ್ಮ ಬೆಂಗಳೂರಿನಲ್ಲೇ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ತಯಾರಾಯಿತು. ಇಂದು ಅದಿಲ್ಲದ ಕಚೇರಿ ಅಪರೂಪ. ವಿದ್ವಾಂಸರ ಪಕ್ಕದಲ್ಲಿ ಕುಳಿತು ಗಂಟೆಗಟ್ಟಲೆ ಒಂದೇ ಸ್ವರ ಹೊರಡಿಸುವ ಆ ಪುಟ್ಟ ಪೆಟ್ಟಿಗೆಯಿಂದ ಸಂಗೀತ ಕೆಟ್ಟಿತೆಂದು ಯಾರೂ ಎದ್ದು ಹೋಗಿದ್ದನ್ನು ನಾನು ಕಂಡಿಲ್ಲ.

ಈಗ ಜರ್ಮನಿಗೆ ಬರೋಣ. ರಾಲ್ಫ್ ಹ್ಯೂಟರ್ ಹುಟ್ಟಿದ್ದು 1946ರಲ್ಲಿ, ಫ್ಲೋರಿಯಾನ್ ಶ್ನೈಡರ್ 1947ರಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಒಂದೆರಡು ವರ್ಷಗಳಾಗಿದ್ದವಷ್ಟೆ. ನಗರಗಳು ಇನ್ನೂ ಕಲ್ಲುಮಣ್ಣಿನ ರಾಶಿಗಳು. ಇಬ್ಬರೂ ಅನುಕೂಲಸ್ಥರ ಮಕ್ಕಳೇ. ಶ್ನೈಡರನ ತಂದೆ ಹೆಸರಾಂತ ವಾಸ್ತುಶಿಲ್ಪಿ. ಕೊಲೋನ್-ಬಾನ್ ವಿಮಾನ ನಿಲ್ದಾಣದ ವಿನ್ಯಾಸ ಅವರದು. ಆದರೆ ಈ ಪೀಳಿಗೆಗೆ ಒಂದು ವಿಚಿತ್ರ ಬಡತನವಿತ್ತು. ಹಿರಿಯರ ಹಾಡುಗಳನ್ನು ನಾಜಿಗಳು ತಮ್ಮ ಮೆರವಣಿಗೆಗಳಲ್ಲಿ ಬಳಸಿಕೊಂಡು ಮೈಲಿಗೆ ಮಾಡಿಬಿಟ್ಟಿದ್ದರು. ತಂದೆಯ ಕಾಲದಲ್ಲಿ ಏನಾಯಿತೆಂದು ಮನೆಯಲ್ಲಿ ಕೇಳುವಂತಿರಲಿಲ್ಲ, ಕೇಳಿದರೆ ಉತ್ತರವಿರಲಿಲ್ಲ. ರೇಡಿಯೋದಲ್ಲಿ ಬರುತ್ತಿದ್ದುದು ಗೆದ್ದ ದೇಶಗಳ ಸಂಗೀತ: ಅಮೆರಿಕದ ರಾಕ್, ಇಂಗ್ಲೆಂಡಿನ ಪಾಪ್. ಆ ಕಾಲದ ಬಹುಪಾಲು ಜರ್ಮನ್ ತರುಣರು ಅವುಗಳನ್ನೇ ಅನುಕರಿಸಿ ಇಂಗ್ಲಿಷಿನಲ್ಲಿ ಹಾಡುತ್ತಿದ್ದರು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಪಿತ್ರಾರ್ಜಿತವನ್ನು ಹೇಗೆ ದಾಟಿಸುವುದೆಂಬ ಚಿಂತೆ. ಪಿತ್ರಾರ್ಜಿತವನ್ನು ಮುಟ್ಟಲೇ ಹೆದರುವ ಸ್ಥಿತಿ ಹೇಗಿರುತ್ತದೆಂದು ಊಹಿಸುವುದು ಕಷ್ಟ.

ಒಂದು ಬಾಗಿಲು ಮಾತ್ರ ತೆರೆದಿತ್ತು. ಪಕ್ಕದ ಕೊಲೋನ್ ನಗರದ ಬಾನುಲಿ ಕೇಂದ್ರದಲ್ಲಿ 1950ರ ದಶಕದ ಆರಂಭದಿಂದಲೇ ವಿದ್ಯುನ್ಮಾನ ಸಂಗೀತದ ಪ್ರಯೋಗಶಾಲೆಯೊಂದು ಕೆಲಸ ಮಾಡುತ್ತಿತ್ತು. ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಮುಂತಾದ ಸಂಯೋಜಕರು ಅಲ್ಲಿ ಶುದ್ಧ ವಿದ್ಯುತ್ ಧ್ವನಿಗಳಿಂದ ಕೃತಿಗಳನ್ನು ಕಟ್ಟುತ್ತಿದ್ದರು. ಅದು ವಿದ್ವತ್ಸಭೆಯ ಸಂಗೀತ, ಜನ ಕುಣಿಯುವಂಥದಲ್ಲ. ಆದರೆ ಯಾವ ಮೆರವಣಿಗೆಯೂ ಆ ಧ್ವನಿಗಳನ್ನು ಮುಟ್ಟಿರಲಿಲ್ಲ.

ಸಂಗೀತ ಕಲಿಯುತ್ತಿದ್ದಾಗ ಭೇಟಿಯಾದ ಹ್ಯೂಟರ್ ಮತ್ತು ಶ್ನೈಡರ್ ಮೊದಲು 'ಆರ್ಗನೈಸೇಷನ್' ಎಂಬ ಹೆಸರಿನಲ್ಲಿ ಒಂದು ಧ್ವನಿಮುದ್ರಿಕೆ ತಂದರು. 1970ರಲ್ಲಿ ಕ್ರಾಫ್ಟ್‌ವೆರ್ಕ್ ಹುಟ್ಟಿತು. ಡ್ಯೂಸೆಲ್ಡಾರ್ಫಿನ ರೈಲು ನಿಲ್ದಾಣದ ಸಮೀಪದ ಕಟ್ಟಡವೊಂದರಲ್ಲಿ ತಮ್ಮದೇ ಧ್ವನಿಮುದ್ರಣ ಕೊಠಡಿ ಮಾಡಿಕೊಂಡು ಅದನ್ನು 'ಕ್ಲಿಂಗ್ ಕ್ಲಾಂಗ್' ಎಂದು ಕರೆದರು. ಶ್ನೈಡರ್ ಆಗ ಕೊಳಲು ನುಡಿಸುತ್ತಿದ್ದ. 1970, 1972, 1973ರಲ್ಲಿ ಒಂದರ ಹಿಂದೆ ಒಂದರಂತೆ ಮೂರು ಮುದ್ರಿಕೆಗಳು ಬಂದವು: ಕೊಳಲು, ಆರ್ಗನ್, ಡ್ರಮ್, ಬಗೆಬಗೆಯ ಪ್ರತಿಧ್ವನಿಗಳ ಕಲಸುಮೇಲೋಗರ. ತಂಡವು ಮುಂದೆ ತನ್ನ ಕೃತಿಗಳನ್ನು ಅಧಿಕೃತವಾಗಿ ಒಟ್ಟುಗೂಡಿಸಿ ಪ್ರಕಟಿಸಿದಾಗ ಈ ಮೂರನ್ನೂ ಹೊರಗಿಟ್ಟಿತು. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತೊಟ್ಟಿಲಿನ ಫೋಟೋಗಳನ್ನು ಹರಿದು ಹಾಕಿದರೆ ಮದುವೆಯ ಫೋಟೋ ಹೆಚ್ಚು ಅಂದವಾಗಿ ಕಾಣುವುದಿಲ್ಲ.

1974ರ ನವೆಂಬರಿನಲ್ಲಿ ಬಂದ 'ಆಟೋಬಾನ್' ಎಲ್ಲವನ್ನೂ ಬದಲಿಸಿತು. ಆಟೋಬಾನ್ ಎಂದರೆ ಜರ್ಮನಿಯ ಹೆದ್ದಾರಿ. ಮುದ್ರಿಕೆಯ ಒಂದು ಬದಿಯನ್ನೆಲ್ಲ ಈ ಒಂದೇ ಹಾಡು ತುಂಬಿಕೊಂಡಿದೆ. ಇಪ್ಪತ್ತೆರಡು ನಿಮಿಷಕ್ಕೂ ಹೆಚ್ಚು. ಕಾರಿನ ಬಾಗಿಲು ಮುಚ್ಚುವ ಸದ್ದು, ಎಂಜಿನ್ ಹೊತ್ತಿಕೊಳ್ಳುವ ಸದ್ದು, ಹಾರ್ನ್. ಆಮೇಲೆ ರಸ್ತೆ ತೆರೆದುಕೊಳ್ಳುತ್ತದೆ. ಎದುರಿನಿಂದ ಬಂದು ಪಕ್ಕದಲ್ಲಿ ಹಾದುಹೋಗುವ ವಾಹನಗಳ ಸದ್ದು ಹತ್ತಿರವಾದಂತೆ ಏರಿ ದೂರವಾದಂತೆ ಇಳಿಯುವುದನ್ನು ಸಿಂಥಸೈಸರಿನಿಂದಲೇ ಮೂಡಿಸಿದ್ದಾರೆ. ನಡುವೆ ಕಾರಿನ ರೇಡಿಯೋ ಹಚ್ಚಿದಂತೆ ಕೇಳಿಸುತ್ತದೆ. ಕೊಳಲು, ಗಿಟಾರುಗಳು ಇನ್ನೂ ಉಳಿದಿವೆ. ಸಾಹಿತ್ಯ ನಾಲ್ಕಾರು ಸರಳ ಸಾಲುಗಳಷ್ಟೆ, ಅದೂ ಅಪ್ಪಟ ಜರ್ಮನ್ ಭಾಷೆಯಲ್ಲಿ. ಧ್ವನಿಮುದ್ರಣದಲ್ಲಿ ನೆರವಾದವರು ಕೋನಿ ಪ್ಲಾಂಕ್ ಎಂಬ ನಿಷ್ಣಾತ ತಂತ್ರಜ್ಞರು. ಅವರ ಪಾಲು ದೊಡ್ಡದು.

ವಸ್ತುವಿನ ಆಯ್ಕೆಯನ್ನು ಗಮನಿಸಬೇಕು. ಹಿಟ್ಲರನ ಆಡಳಿತ ಆಟೋಬಾನನ್ನು ತನ್ನ ಹೆಮ್ಮೆಯೆಂದು ಸಾರಿಕೊಂಡಿತ್ತು. ಈ ತರುಣರು ಅದೇ ರಸ್ತೆಯನ್ನು ಎತ್ತಿಕೊಂಡು, ಮನೆಮಂದಿ ರಜೆಯ ದಿನ ಕಾರಿನಲ್ಲಿ ಹೋಗುವ ರಸ್ತೆಯನ್ನಾಗಿ ಮಾಡಿದರು. ಘೋಷಣೆಯಿಲ್ಲ, ಕ್ಷಮಾಯಾಚನೆಯಿಲ್ಲ, ಬಿಳಿ ಗೆರೆ, ಹಸಿರು ಅಂಚು, ಬಿಸಿಲು. ಇದರ ಮೂರು ನಿಮಿಷದಷ್ಟಕ್ಕೆ ಕತ್ತರಿಸಿದ ರೂಪ 1975ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 25ನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ 11ನೆಯ ಸ್ಥಾನಕ್ಕೂ ಏರಿತು. ಅರ್ಥವಾಗದ ಭಾಷೆಯ ಹಾಡಿಗೆ ಇದು ಸಣ್ಣ ಮಾತಲ್ಲ. ಬೆನ್ನಲ್ಲೇ ಲೇವಡಿಯೂ ಬಂತು. ಬ್ರಿಟನ್ನಿನ ಸಂಗೀತ ಪತ್ರಿಕೆಯೊಂದು ಇವರ ಚಿತ್ರವನ್ನು ನಾಜಿ ಸಮಾವೇಶದ ಹಿನ್ನೆಲೆಯಲ್ಲಿ ಕೂಡಿಸಿ ಅಚ್ಚುಹಾಕಿತು. ಹೊರನಾಡಿನಲ್ಲಿ ಹೆಸರು ಹೇಳಿದೊಡನೆ ಹಳೆಯ ಪಡಿಯಚ್ಚಿನಲ್ಲಿ ನಮ್ಮನ್ನು ಕೂಡಿಸುವವರನ್ನು ನಾವೂ ಬಲ್ಲೆವಲ್ಲವೇ? ಕ್ರಾಫ್ಟ್‌ವೆರ್ಕಿನವರು ವಾದಕ್ಕಿಳಿಯಲಿಲ್ಲ. 'ಭಾವನೆಯಿಲ್ಲದ ಜರ್ಮನ್ ಯಂತ್ರಗಳು' ಎನ್ನುತ್ತೀರಾ, ಹಾಗಾದರೆ ಯಂತ್ರಗಳೇ ಆಗುತ್ತೇವೆ ಎಂಬಂತೆ ಕೂದಲು ಕತ್ತರಿಸಿ, ಸೂಟು ಟೈ ತೊಟ್ಟು, ವೇದಿಕೆಯಲ್ಲಿ ಅಲುಗಾಡದೆ ನಿಂತರು.

ಇಷ್ಟು ಹೊತ್ತಿಗೆ ತಾಳಕ್ಕಾಗಿ ವೋಲ್ಫ್‌ಗಾಂಗ್ ಫ್ಲ್ಯೂರ್ ಮತ್ತು ಕಾರ್ಲ್ ಬಾರ್ಟೋಸ್ ಸೇರಿ ನಾಲ್ವರಾಗಿದ್ದರು. ಚರ್ಮದ ಡ್ರಮ್ಮುಗಳ ಬದಲು ಲೋಹದ ಪುಟ್ಟ ತಟ್ಟೆಗಳನ್ನು ಲೋಹದ ಕಡ್ಡಿಯಿಂದ ಮುಟ್ಟಿ ವಿದ್ಯುತ್ ಸಂಪರ್ಕದಿಂದ ಪೆಟ್ಟು ಹೊರಡಿಸುವ ವಾದ್ಯ ಇವರದು.

1975ರ 'ರೇಡಿಯೋ-ಆಕ್ಟಿವಿಟಿ' ಮುದ್ರಿಕೆಯ ಹೆಸರಿಗೆ ಎರಡರ್ಥ: ಬಾನುಲಿಯ ಚಟುವಟಿಕೆ, ವಿಕಿರಣಶೀಲತೆ. ಅಂದು ಅದು ತಟಸ್ಥ ಹಾಡಾಗಿತ್ತು. 1986ರ ಚೆರ್ನೋಬಿಲ್ ದುರಂತದ ನಂತರ ತಟಸ್ಥವಾಗಿ ಉಳಿಯಲಾಗಲಿಲ್ಲ. 1991ರ ರೂಪದಲ್ಲಿ ಅದು ವಿಕಿರಣವನ್ನು ನಿಲ್ಲಿಸಿರೆಂದು ಕೇಳುವ ಹಾಡಾಯಿತು. 2012ರಲ್ಲಿ ಜಪಾನಿನ ಅಣುವಿರೋಧಿ ಕಾರ್ಯಕ್ರಮದಲ್ಲಿ ಫುಕುಶಿಮಾದ ಹೆಸರೂ ಜಪಾನಿ ಸಾಲುಗಳೂ ಸೇರಿಕೊಂಡವು.

1977ರ 'ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್' ನನ್ನ ದೃಷ್ಟಿಯಲ್ಲಿ ಇವರ ಶಿಖರ. ರಸ್ತೆಯ ಬದಲು ಇಲ್ಲಿ ರೈಲು. ಹಳಿಗಳ ಮೇಲೆ ಚಕ್ರ ಉರುಳುವ ಲಯವೇ ಹಾಡಿನ ಅಡಿಪಾಯ. ಇದಕ್ಕೆ ಬಾನ್ ನಗರದ ತಂತ್ರಜ್ಞರು ಮಾಡಿಕೊಟ್ಟ ಹೊಸ ಸೀಕ್ವೆನ್ಸರ್ ಬಲವಾಗಿ ನಿಂತಿತು. ಗಡಿಗಳನ್ನು ಗಮನಿಸದೆ ಒಂದು ಊರಿನಿಂದ ಇನ್ನೊಂದು ಊರಿಗೆ ಓಡುವ ರೈಲು ಇದು. ಜರ್ಮನಿಯ ರೈಲುಗಳು ಅದಕ್ಕೆ ಮೂವತ್ತೇ ವರ್ಷಗಳ ಹಿಂದೆ ಏನನ್ನು ಹೊತ್ತು ಎಲ್ಲಿಗೆ ಹೋಗುತ್ತಿದ್ದವೆಂದು ಬಲ್ಲವರಿಗೆ ಈ ನಿರಾತಂಕ ಪ್ರಯಾಣದ ಬೆಲೆ ತಿಳಿಯುತ್ತದೆ. ಶೀರ್ಷಿಕೆ ಗೀತೆಯಿಂದ ನೇರವಾಗಿ ಮುಂದುವರಿಯುವ 'ಮೆಟಾಲ್ ಔಫ್ ಮೆಟಾಲ್', ಅಂದರೆ ಲೋಹದ ಮೇಲೆ ಲೋಹ, ಎಂಬ ಭಾಗದಲ್ಲಿ ಕಮ್ಮಾರಸಾಲೆಯಂಥ ಪೆಟ್ಟುಗಳಿವೆ. ಅವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವು ನ್ಯಾಯಾಲಯದ ಮೆಟ್ಟಿಲೇರುತ್ತವೆ.

1978ರ 'ದಿ ಮ್ಯಾನ್-ಮಷೀನ್' ಮುದ್ರಿಕೆಯ ಹೊದಿಕೆಯಲ್ಲಿ ನಾಲ್ವರೂ ಕೆಂಪು ಅಂಗಿ, ಕಪ್ಪು ಟೈ ತೊಟ್ಟು ನಿಂತಿದ್ದಾರೆ. 'ರೋಬೋಟ್' ಎಂಬ ಪದವನ್ನು ಜಗತ್ತಿಗೆ ಕೊಟ್ಟದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕ. ಮೂಲದಲ್ಲಿ ಅದಕ್ಕೆ ಬಿಟ್ಟಿ ದುಡಿಮೆ ಎಂಬರ್ಥ. 'ದಿ ರೋಬೋಟ್ಸ್' ಹಾಡಿನಲ್ಲಿ ಯಂತ್ರಮಾನವ ಮಾತನಾಡುವ ದನಿಯೇ ವೈದ್ಯನಾದ ನನಗೆ ಅತ್ಯಂತ ಕುತೂಹಲದ್ದು.

ನಮ್ಮ ಗಂಟಲಿನ ಧ್ವನಿಪೆಟ್ಟಿಗೆ ಹೊರಡಿಸುವುದು ಅರ್ಥವಿಲ್ಲದ ಝೇಂಕಾರ ಮಾತ್ರ. ಅದನ್ನು ನಾಲಿಗೆ, ತುಟಿ, ಅಂಗುಳ, ಬಾಯಿಯ ಪೊಳ್ಳು ತಿದ್ದಿ ಅಕಾರ ಇಕಾರಗಳನ್ನಾಗಿ ಮಾಡುತ್ತವೆ. ಈ ಎರಡು ಕೆಲಸಗಳನ್ನು ಬೇರ್ಪಡಿಸಬಹುದೆಂದು ಕಂಡುಕೊಂಡು 1930ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ಅವರು ವೋಕೋಡರ್ ಎಂಬ ಸಾಧನವನ್ನು ರೂಪಿಸಿದರು. ದೂರವಾಣಿಗಾಗಿ ಹುಟ್ಟಿ, ಯುದ್ಧದಲ್ಲಿ ಗುಪ್ತ ಸಂಭಾಷಣೆಗೆ ಬಳಕೆಯಾದ ತಂತ್ರ ಅದು. ಕ್ರಾಫ್ಟ್‌ವೆರ್ಕ್ ಅದನ್ನೇ ಹಾಡುಗಾರನನ್ನಾಗಿ ಮಾಡಿತು: ಝೇಂಕಾರ ಸಿಂಥಸೈಸರಿನದು, ಉಚ್ಚಾರಣೆ ಮನುಷ್ಯನದು. ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡ ರೋಗಿಗಳು ಕತ್ತಿಗೆ ಒತ್ತಿ ಹಿಡಿದು ಮಾತನಾಡುವ ಕಂಪಕ ಸಾಧನವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದರ ತತ್ತ್ವವೂ ಇದೇ. ಶಸ್ತ್ರಚಿಕಿತ್ಸೆಯ ನಂತರ ಅಂಥ ಸಾಧನದಿಂದ ಹೆಂಡತಿಯ ಹೆಸರನ್ನು ಮೊದಲ ಸಲ ಕರೆಯುವ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದವರು, ಯಂತ್ರದ ದನಿಯಲ್ಲಿ ಮನುಷ್ಯನಿಲ್ಲವೆಂದು ಹೇಳಲಾರರು. ಶ್ನೈಡರನಂತೂ ಜೀವಮಾನವಿಡೀ ಮಾತನಾಡುವ ಯಂತ್ರಗಳ ಹುಚ್ಚು ಹಚ್ಚಿಕೊಂಡವನು.

ಅದೇ ಮುದ್ರಿಕೆಯ 'ದಿ ಮಾಡೆಲ್' ಎಂಬ ಹಾಡು 1982ರ ಆರಂಭದಲ್ಲಿ, ಹೊರಬಂದು ನಾಲ್ಕು ವರ್ಷಗಳ ಬಳಿಕ, ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಆ ವೇಳೆಗೆ ಅಲ್ಲಿನ ತರುಣ ತಂಡಗಳೆಲ್ಲ ಸಿಂಥಸೈಸರ್ ಹಿಡಿದಿದ್ದವು. ಲೋಕ ಇವರನ್ನು ಹಿಂಬಾಲಿಸಿ ಬಂದು ಸೇರಿತ್ತು.

1981ರ 'ಕಂಪ್ಯೂಟರ್ ವರ್ಲ್ಡ್' ಬಂದಾಗ ಗಣಕಯಂತ್ರ ಇನ್ನೂ ಮನೆಮನೆಯ ವಸ್ತುವಾಗಿರಲಿಲ್ಲ. ಬ್ಯಾಂಕು, ಪೊಲೀಸು, ಗುಪ್ತಚರ ಸಂಸ್ಥೆಗಳು ನಮ್ಮ ಬಗೆಗಿನ ಅಂಕಿ ಅಂಶಗಳನ್ನು ಕೂಡಿಡುತ್ತವೆಂಬ ಎಚ್ಚರವನ್ನು ಕುಣಿಯುವ ತಾಳದಲ್ಲಿ ಸೇರಿಸಿದ್ದು, ರಾತ್ರಿ ಒಬ್ಬನೇ ಪರದೆಯ ಮುಂದೆ ಕುಳಿತು ಸಂಗಾತಿಗಾಗಿ ಹಂಬಲಿಸುವವನ ಚಿತ್ರವನ್ನು ಮುಂಚಿತವಾಗಿ ಬಿಡಿಸಿದ್ದು ಈ ಮುದ್ರಿಕೆಯ ಹೆಚ್ಚುಗಾರಿಕೆ. 'ಪಾಕೆಟ್ ಕ್ಯಾಲ್ಕುಲೇಟರ್' ಎಂಬ ತುಂಟ ಹಾಡು ಜರ್ಮನ್, ಇಂಗ್ಲಿಷ್, ಫ್ರೆಂಚ್, ಜಪಾನಿ ನುಡಿಗಳಲ್ಲಿ ಹೊರಬಂತು. ಅದನ್ನು ನುಡಿಸುವಾಗ ಇವರು ವೇದಿಕೆಯ ಅಂಚಿಗೆ ಬಂದು, ಕೈಯಲ್ಲಿದ್ದ ಪುಟ್ಟ ಉಪಕರಣದ ಗುಂಡಿಗಳನ್ನು ಒತ್ತಲು ಪ್ರೇಕ್ಷಕರ ಮುಂದೆ ಹಿಡಿಯುತ್ತಿದ್ದರು. ಇನ್ನು 'ನಂಬರ್ಸ್' ಹಾಡಿನಲ್ಲಿ ಹಲವು ಭಾಷೆಗಳಲ್ಲಿ ಅಂಕಿ ಎಣಿಸುವುದರ ಹೊರತು ಬೇರೆ ಸಾಹಿತ್ಯವೇ ಇಲ್ಲ. ಆದರೆ ಅದರ ತಾಳ ಅಟ್ಲಾಂಟಿಕ್ ದಾಟಿತು.

ಈ ದಾಟುವಿಕೆಯೇ ಇಡೀ ಕತೆಯ ಅಚ್ಚರಿ. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಕರಿಯ ಹಾಗೂ ಸ್ಪ್ಯಾನಿಷ್ ಮೂಲದ ತರುಣರು ಬೀದಿಕೂಟಗಳಲ್ಲಿ ಎರಡು ತಟ್ಟೆಗಳನ್ನು ತಿರುಗಿಸಿ ಹೊಸ ಸಂಗೀತ ಕಟ್ಟುತ್ತಿದ್ದ ಕಾಲ ಅದು. ಅವರಲ್ಲಿ ಪ್ರಮುಖನಾದ ಆಫ್ರಿಕಾ ಬಂಬಾಟಾ 1982ರಲ್ಲಿ ತನ್ನ ತಂಡದೊಂದಿಗೆ ಹೊರತಂದ 'ಪ್ಲಾನೆಟ್ ರಾಕ್', 'ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್'ನ ಸ್ವರಮಾಲೆಯನ್ನೂ 'ನಂಬರ್ಸ್' ಹಾಡಿನ ತಾಳವನ್ನೂ ಜೋಡಿಸಿ ಕಟ್ಟಿದ್ದು. ಕೇಳದೆ ತೆಗೆದುಕೊಂಡದ್ದಕ್ಕೆ ಆಮೇಲೆ ಮುದ್ರಿಕೆಯ ಕಂಪನಿ ಪರಿಹಾರ ತೆರಬೇಕಾಯಿತು. ಅಷ್ಟರಲ್ಲಿ ಒಂದು ಸಂಗೀತಪ್ರಕಾರವೇ ಹುಟ್ಟಿಬಿಟ್ಟಿತ್ತು.

ಡೆಟ್ರಾಯಿಟಿನ ಕತೆ ಇನ್ನೂ ಗಾಢ. ಅಲ್ಲಿ 'ಎಲೆಕ್ಟ್ರಿಫೈಯಿಂಗ್ ಮೋಜೋ' ಎಂಬ ಹೆಸರಿನ ಬಾನುಲಿ ನಿರೂಪಕ ರಾತ್ರಿಯ ಕಾರ್ಯಕ್ರಮಗಳಲ್ಲಿ ಕರಿಯರ ಸಂಗೀತ, ಬಿಳಿಯರ ಸಂಗೀತ ಎಂಬ ಬೇಲಿಯನ್ನು ಲೆಕ್ಕಿಸದೆ ಕ್ರಾಫ್ಟ್‌ವೆರ್ಕಿನ ಹಾಡುಗಳನ್ನು ಪ್ರಸಾರ ಮಾಡುತ್ತಿದ್ದ. ಕೇಳಿಸಿಕೊಂಡವರಲ್ಲಿ ಹತ್ತಿರದ ಬೆಲ್‌ವಿಲ್ ಎಂಬ ಊರಿನ ಶಾಲೆಯಲ್ಲಿ ಓದಿದ ಮೂವರು ಕರಿಯ ಗೆಳೆಯರಿದ್ದರು: ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್. ಕಾರು ಕಾರ್ಖಾನೆಗಳ ನಗರ ಅದು. ಅಸೆಂಬ್ಲಿ ಸಾಲಿನಲ್ಲಿ ನಿಜವಾದ ಯಂತ್ರಗಳು ಕಾರ್ಮಿಕರ ಜಾಗ ಹಿಡಿಯುತ್ತಿದ್ದವು, ಕಾರ್ಖಾನೆಗಳು ಮುಚ್ಚುತ್ತಿದ್ದವು, ಬೀದಿಗಳು ಬರಿದಾಗುತ್ತಿದ್ದವು. ಡ್ಯೂಸೆಲ್ಡಾರ್ಫಿನ ಉಳ್ಳವರ ಮನೆಯ ಹುಡುಗರಿಗೆ ರೋಬೋಟು ವಿನೋದವಾಗಿದ್ದರೆ ಇವರಿಗೆ ಅದು ಅನ್ನದ ಪ್ರಶ್ನೆ. ಆದರೂ ಇವರು ಯಂತ್ರಕ್ಕೆ ಬೆನ್ನು ತಿರುಗಿಸದೆ, ಅಗ್ಗದ ಬೆಲೆಗೆ ಸಿಕ್ಕ ಸಿಂಥಸೈಸರುಗಳನ್ನೂ ತಾಳಯಂತ್ರಗಳನ್ನೂ ಕೊಂಡು ತಮ್ಮ ಮಾತನ್ನು ಅವುಗಳ ಬಾಯಿಂದ ಆಡಿಸಿದರು. ಅದಕ್ಕೆ 'ಟೆಕ್ನೋ' ಎಂಬ ಹೆಸರು ನಿಂತಿತು. 1988ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಸಂಕಲನವೊಂದು ಆ ಹೆಸರನ್ನು ಜಗತ್ತಿಗೆ ಸಾರಿತು. ಮರುವರ್ಷ ಬರ್ಲಿನ್ ಗೋಡೆ ಬಿತ್ತು. ಖಾಲಿ ಬಿದ್ದ ಪೂರ್ವ ಬರ್ಲಿನ್ನಿನ ಕಟ್ಟಡಗಳಲ್ಲಿ ಎರಡೂ ಕಡೆಯ ತರುಣರು ಕೂಡಿ ಕುಣಿದದ್ದು ಡೆಟ್ರಾಯಿಟಿನ ಈ ಸಂಗೀತಕ್ಕೆ. ಜರ್ಮನಿಯಿಂದ ಹೊರಟದ್ದು ಕರಿಯರ ಮನೆಯಲ್ಲಿ ಬೆಳೆದು ಜರ್ಮನಿಗೇ ಮರಳಿತು. ನಿಮ್ಮ ನೆಲಮಾಳಿಗೆಯ ಸದ್ದಿನ ವಂಶವೃಕ್ಷದ ಒಂದು ಕೊಂಬೆ ಇದು.

ಮಕ್ಕಳು ಹೀಗೆ ಬೆಳೆಯುತ್ತಿದ್ದಾಗ ಮೂಲ ಮನೆಯಲ್ಲಿ ಮೌನ ಕವಿಯಿತು. ಹ್ಯೂಟರನಿಗೆ ಸೈಕಲ್ ಸವಾರಿಯ ಗೀಳು ಹಿಡಿದಿತ್ತು. 1983ರಲ್ಲಿ ಬಂದ 'ತೂರ್ ದ ಫ್ರಾನ್ಸ್' ಎಂಬ ಹಾಡಿನಲ್ಲಿ ಸವಾರನ ಏದುಸಿರೇ ತಾಳವಾಗಿದೆ. ಆ ವರ್ಷಗಳಲ್ಲೇ ಹ್ಯೂಟರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸಿದ್ಧವಾಗುತ್ತಿದ್ದ ಮುದ್ರಿಕೆಯನ್ನು ಮತ್ತೆ ಮತ್ತೆ ತಿದ್ದಿ 1986ರಲ್ಲಿ 'ಎಲೆಕ್ಟ್ರಿಕ್ ಕೆಫೆ' ಎಂದು ಹೊರತಂದರು. ಅಚ್ಚುಕಟ್ಟಾಗಿದೆ, ಆದರೆ ತೆಳು. ಫ್ಲ್ಯೂರ್ 1987ರಲ್ಲಿ, ಬಾರ್ಟೋಸ್ 1990ರಲ್ಲಿ ಹೊರನಡೆದರು. ಅತ್ಯುತ್ತಮ ಹಾಡುಗಳಲ್ಲಿ ಹಲವಕ್ಕೆ ಬಾರ್ಟೋಸ್ ಸಹಸಂಯೋಜಕ; ಆತನಿಲ್ಲದ ಕೊರತೆ ಕಿವಿಗೆ ತಿಳಿಯುತ್ತದೆ. 1991ರ 'ದಿ ಮಿಕ್ಸ್' ಹಳೆಯ ಹಾಡುಗಳ ಹೊಸ ರೂಪ ಅಷ್ಟೆ.

2003ರಲ್ಲಿ 'ತೂರ್ ದ ಫ್ರಾನ್ಸ್ ಸೌಂಡ್‌ಟ್ರ್ಯಾಕ್ಸ್' ಬಂತು. ಹದಿನೇಳು ವರ್ಷಗಳ ಬಳಿಕ ಬಂದ ಪೂರ್ಣ ಹೊಸ ಕೃತಿ; ಜರ್ಮನಿಯಲ್ಲಿ ಮೊದಲ ಸ್ಥಾನ ಗಳಿಸಿದ ಇವರ ಮೊದಲ ಮುದ್ರಿಕೆಯೂ ಹೌದು. ಇದರಲ್ಲಿ 'ವಿಟಮಿನ್' ಎಂಬ ಹಾಡಿದೆ, ಸಾಹಿತ್ಯ ಔಷಧಾಲಯದ ಪಟ್ಟಿಯಂತಿದೆ. 'ಎಲೆಕ್ಟ್ರೋ ಕಾರ್ಡಿಯೋಗ್ರಾಮ್' ಎಂಬ ಹಾಡೂ ಇದೆ. ಅದರಲ್ಲಿ ಎದೆಬಡಿತ ಮತ್ತು ಉಸಿರಾಟವೇ ವಾದ್ಯಗಳು. ಮೂರು ದಶಕ ಎದೆಗೆ ಸ್ಟೆತೋಸ್ಕೋಪು ಹಚ್ಚಿದ ಕಿವಿಗೆ ಅದರ ಜೋಡಿ ಪೆಟ್ಟು ಚಿರಪರಿಚಿತ: ಮೊದಲನೆಯದು ಮೇಲ್ಕೋಣೆ ಕೆಳಕೋಣೆಗಳ ನಡುವಿನ ಕವಾಟಗಳು ಮುಚ್ಚಿದ್ದು, ಎರಡನೆಯದು ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ಕವಾಟಗಳು ಮುಚ್ಚಿದ್ದು. ಒಂದು ಸಣ್ಣ ತಕರಾರಿದೆ. ಆರೋಗ್ಯವಂತ ಹೃದಯ ಸೀಕ್ವೆನ್ಸರಿನಷ್ಟು ಕರಾರುವಾಕ್ಕಾಗಿ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ತುಸು ಚುರುಕಾಗುತ್ತದೆ, ಬಿಟ್ಟಾಗ ತುಸು ನಿಧಾನವಾಗುತ್ತದೆ. ಈ ಏರುಪೇರು ಪೂರ್ತಿ ಕಾಣೆಯಾದರೆ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಕ್ರಾಫ್ಟ್‌ವೆರ್ಕಿನ ಹಳೆಯ ಮುದ್ರಿಕೆಗಳಲ್ಲಿ ಕೈಯಿಂದ ಹೊಡೆದ ಪೆಟ್ಟುಗಳಿವೆ, ಬಿಸಿಯಾಗಿ ಶ್ರುತಿ ಸರಿಯುವ ಹಳೆಯ ಸಿಂಥಸೈಸರುಗಳಿವೆ. ಅವು ಉಸಿರಾಡುತ್ತಿರುವಂತೆ ಕೇಳುವುದು ಇದರಿಂದಲೇ ಇರಬೇಕು.

ಇನ್ನು ವ್ಯಾಜ್ಯ. 1997ರಲ್ಲಿ ಫ್ರಾಂಕ್‌ಫರ್ಟಿನ ಸಂಗೀತ ನಿರ್ಮಾಪಕ ಮೋಸೆಸ್ ಪೆಲ್ಹಾಮ್ ಒಂದು ರ‍್ಯಾಪ್ ಹಾಡಿಗಾಗಿ 'ಮೆಟಾಲ್ ಔಫ್ ಮೆಟಾಲ್'ನಿಂದ ಸುಮಾರು ಎರಡು ಸೆಕೆಂಡಿನ ತಾಳವನ್ನು ಎತ್ತಿ, ಸ್ವಲ್ಪ ನಿಧಾನಗೊಳಿಸಿ, ಹಾಡಿನುದ್ದಕ್ಕೂ ಪುನರಾವರ್ತಿಸಿದ. ಹ್ಯೂಟರ್ ಮತ್ತು ಶ್ನೈಡರ್ ಮೊಕದ್ದಮೆ ಹೂಡಿದರು. ಎರಡು ಸೆಕೆಂಡಿಗಾಗಿ ಎರಡು ದಶಕ ದಾಟಿದ ಜಗಳ! ಕೆಳಗಿನ ನ್ಯಾಯಾಲಯಗಳು ತಂಡದ ಪರ ನಿಂತವು. 2016ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಕಲೆಯ ಸ್ವಾತಂತ್ರ್ಯವನ್ನೂ ತೂಗಿ ನೋಡಬೇಕೆಂದು ಆ ತೀರ್ಪನ್ನು ಬದಿಗಿಟ್ಟಿತು. 2019ರಲ್ಲಿ ಐರೋಪ್ಯ ನ್ಯಾಯಾಲಯವು, ತುಣುಕು ಎಷ್ಟೇ ಚಿಕ್ಕದಾಗಿದ್ದರೂ ಕಿವಿಗೆ ಗುರುತು ಸಿಗುವಂತಿದ್ದರೆ ಅನುಮತಿ ಬೇಕೆಂದಿತು. 2020ರಲ್ಲಿ ಜರ್ಮನಿಯ ಉಚ್ಚ ನ್ಯಾಯಾಲಯ ಕಾಲವನ್ನೇ ಇಬ್ಭಾಗ ಮಾಡಿತು: 2002ರ ಡಿಸೆಂಬರ್ 22ಕ್ಕೆ ಮೊದಲು ಒಂದು ನ್ಯಾಯ, ನಂತರ ಇನ್ನೊಂದು. 2023ರಲ್ಲಿ ಮತ್ತೊಂದು ಪ್ರಶ್ನೆಯನ್ನೆತ್ತಿ ಪ್ರಕರಣವನ್ನು ಪುನಃ ಐರೋಪ್ಯ ನ್ಯಾಯಾಲಯಕ್ಕೆ ಕಳುಹಿಸಲಾಯಿತು. ಇಲ್ಲಿ ನನ್ನ ಮನಸ್ಸು ಎರಡಾಗಿದೆ. ದುಡಿದವನಿಗೆ ಕೂಲಿ ಸಲ್ಲಬೇಕು ನಿಜ. ಆದರೆ ಹೆದ್ದಾರಿಯ ಸದ್ದು, ರೈಲಿನ ಸದ್ದು ಯಾರಪ್ಪನ ಆಸ್ತಿಯೂ ಅಲ್ಲವೆಂದು ಎತ್ತಿಕೊಂಡು ಬೆಳೆದವರು ತಮ್ಮ ಲೋಹದ ಎರಡು ಸೆಕೆಂಡಿಗೆ ಇಷ್ಟು ಎತ್ತರದ ಬೇಲಿ ಹಾಕಿದ್ದು ನೋಡಲು ಅಂದವಾಗಿಲ್ಲ.

ಶ್ನೈಡರ್ 2008ರಲ್ಲಿ ತಂಡ ತೊರೆದು, 2020ರ ಏಪ್ರಿಲಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅಷ್ಟರಲ್ಲಿ ಕ್ರಾಫ್ಟ್‌ವೆರ್ಕ್ ನೃತ್ಯಶಾಲೆಗಳಿಂದ ಸಂಗ್ರಹಾಲಯಗಳಿಗೆ ಬಡ್ತಿ ಪಡೆದಿತ್ತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಂಟು ರಾತ್ರಿ ಎಂಟು ಮುದ್ರಿಕೆಗಳನ್ನು, ಪ್ರೇಕ್ಷಕರಿಗೆ ವಿಶೇಷ ಕನ್ನಡಕ ತೊಡಿಸಿ, ಮೂರು ಆಯಾಮದ ಚಿತ್ರಗಳೊಂದಿಗೆ ನುಡಿಸಿದರು. ಈ ಪ್ರದರ್ಶನಗಳ ಸಂಗ್ರಹಕ್ಕೆ 2018ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಅದೇ ವರ್ಷ ಜುಲೈನಲ್ಲಿ ಸ್ಟುಟ್‌ಗಾರ್ಟಿನ ವೇದಿಕೆಯೊಡನೆ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಜರ್ಮನ್ ಗಗನಯಾತ್ರಿ ಅಲೆಕ್ಸಾಂಡರ್ ಗೆರ್ಸ್ಟ್ ಜೊತೆಗೂಡಿ ನುಡಿಸಿದರು. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು 2016ರಲ್ಲಿ ಡೆಟ್ರಾಯಿಟಿನ ವಾರ್ಷಿಕ ಟೆಕ್ನೋ ಉತ್ಸವದಲ್ಲಿ ಅವರು ನುಡಿಸಿದ್ದು. ಅಜ್ಜ ಮೊಮ್ಮಕ್ಕಳ ಮನೆಗೆ ಹೋಗಿ ಬಂದಂತೆ.

ವೈದ್ಯನಾಗಿ ಒಂದು ವಿಷಯ ಹ���ಳದೆ ಕೆಳಗಿಳಿಯಲಾರೆ, ಕಿರಿಯರು ಕಿವಿಗೊಡಬೇಕು. 85 ಡೆಸಿಬೆಲ್ ಮಟ್ಟದ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲಿಗೆ ಹದಿನೈದೇ ನಿಮಿಷ. ನೃತ್ಯಶಾಲೆಗಳಲ್ಲಿ 100 ದಾಟುವುದು ಸಾಮಾನ್ಯ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಅಂಗಡಿಯಲ್ಲಿ ಸಿಗುವ ಕಿವಿಬಿರಟೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ತಾಳ ಎದೆಗೆ ತಲುಪುವುದಕ್ಕೆ ಅವು ಅಡ್ಡಿ ಬರುವುದಿಲ್ಲ.

ಕೇಳಬೇಕೆನ್ನುವ ಹಿರಿಯರು 'ನಿಯಾನ್ ಲೈಟ್ಸ್' ಎಂಬ ಹಾಡಿನಿಂದ ಆರಂಭಿಸುವುದು ಒಳ್ಳೆಯದು; ಅದು ಸಂಜೆಯ ನಗರದ ದೀಪಗಳ ಬಗೆಗಿನ ಸಾವಧಾನದ ಹಾಡು, ಯಾರ ನಿದ್ದೆಯನ್ನೂ ಕೆಡಿಸದು. ಆಮೇಲೆ 'ಕಂಪ್ಯೂಟರ್ ಲವ್'. ಅದರ ಸ್ವರಗಳನ್ನು ಕೇಳಿದೊಡನೆ ಮಕ್ಕಳು ಇದು ಕೋಲ್ಡ್‌ಪ್ಲೇ ತಂಡದ್ದೆಂದು ಹೇಳಿಯಾರು. ಆ ತಂಡ 2005ರಲ್ಲಿ, ಕ್ರಾಫ್ಟ್‌ವೆರ್ಕಿನ ಅನುಮತಿ ಪಡೆದೇ, ಅದನ್ನು ತನ್ನ 'ಟಾಕ್' ಎಂಬ ಹಾಡಿನಲ್ಲಿ ಬಳಸಿಕೊಂಡಿದೆ. ಜರ್ಮನ್ ಮತ್ತು ಇಂಗ್ಲಿಷ್ ಎರಡು ರೂಪಗಳಲ್ಲೂ ಸಿಗುವ ಮುದ್ರಿಕೆಗಳಲ್ಲಿ ಜರ್ಮನನ್ನೇ ಆರಿಸಿಕೊಳ್ಳಿ. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಆ ವ್ಯಂಜನಗಳ ಗಡುಸಿನಲ್ಲೇ ಅರ್ಧ ತಾಳವಿದೆ.

ಧ್ವನಿವರ್ಧಕವನ್ನು ಜೋಡಿಸಿದ್ದಾರೆ. ಈಗ 'ಆಟೋಬಾನ್'ನ ಮೊದಲ ನಾಲ್ಕು ನಿಮಿಷಗಳನ್ನು ಕೇಳಿಸುತ್ತೇನೆ. ಕಾರಿನ ಬಾಗಿಲು ಮುಚ್ಚುವ ಸದ್ದಿನಿಂದಲೇ ಗಮನವಿಡಿ.